ಹೊಸ ಟ್ಯಾಬ್ಲೆಟ್ ಬೆಲೆಗೆ ತಕ್ಕದ್ದೇ? ಕೊಳ್ಳುವ ಮುನ್ನ ತೂಗಿ ನೋಡುವ ಬಗೆ

ಹೊಸ ಟ್ಯಾಬ್ಲೆಟ್ ಒಂದು ಬಿಡುಗಡೆಯಾದ ಕೂಡಲೇ ಬಳ್ಳಾರಿಯ ಬೆಂಗಳೂರು ರಸ್ತೆಯ ಮೊಬೈಲ್ ಅಂಗಡಿಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ‘ಇದಕ್ಕೆ ಇಷ್ಟು ರೊಕ್ಕ ಕೊಡಬಹುದೇನ್ರಿ?’ ಅಂಗಡಿಯವರು ಉತ್ತರವಾಗಿ ಪ್ರೊಸೆಸರ್‌ನ ಹೆಸರು, ಕ್ಯಾಮೆರಾದ ಮೆಗಾಪಿಕ್ಸೆಲ್, ಬ್ಯಾಟರಿಯ ಎಂಎಎಚ್ ಎಂದು ಒಂದರ ಹಿಂದೊಂದು ಸಂಖ್ಯೆ ಹೇಳುತ್ತಾರೆ. ಪಕ್ಕದಲ್ಲಿಟ್ಟ ಇನ್ನೊಂದು ಕಂಪನಿಯ ಟ್ಯಾಬ್‌ಗೂ ಹೆಚ್ಚುಕಡಿಮೆ ಅವೇ ಸಂಖ್ಯೆಗಳಿರುವುದರಿಂದ, ಕೊಳ್ಳುವವರು ಕೊನೆಗೆ ಬೆಲೆಯ ಚೀಟಿಯೊಂದನ್ನೇ ನೋಡಿ ತೀರ್ಮಾನಕ್ಕೆ ಬರುತ್ತಾರೆ. ಎರಡು ಪೆಟ್ಟಿಗೆಗಳ ಬೆಲೆಯನ್ನು ಇದ್ದಂತೆಯೇ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಒಂದರೊಳಗೆ ಪೆನ್ ಇರುತ್ತದೆ, ಇನ್ನೊಂದಕ್ಕೆ ಅದನ್ನು ಬೇರೆಯಾಗಿ ಕೊಳ್ಳಬೇಕಾಗುತ್ತದೆ. ಒಂದಕ್ಕೆ ಇನ್ನೂ ಐದು ವರ್ಷ ಅಪ್‌ಡೇಟ್ ಬರುವುದಿರುತ್ತದೆ, ಇನ್ನೊಂದರ ಅವಧಿ ಆಗಲೇ ಅರ್ಧ ಕಳೆದಿರುತ್ತದೆ. ಈ ವ್ಯತ್ಯಾಸಗಳನ್ನೆಲ್ಲ ಮೊದಲು ಸಮ ಮಾಡಿಕೊಂಡು, ಆಮೇಲೂ ಉಳಿಯುವ ಹೆಚ್ಚುವರಿ ಹಣಕ್ಕೆ ನಿಮ್ಮ ದಿನನಿತ್ಯದ ಕೆಲಸದಲ್ಲಿ ಏನು ಸಿಗುತ್ತದೆ ಎಂದು ನೋಡಬೇಕು. ಹೆಚ್ಚಿನ ಬೆಲೆ ನ್ಯಾಯವಾಗುವುದು ನೀವು ಪ್ರತಿದಿನ ಮುಟ್ಟುವ, ಮುಂದೆ ಹಣ ಕೊಟ್ಟರೂ ಸೇರಿಸಲಾಗದ ಗುಣಗಳಿಗೆ ಮಾತ್ರ ಎಂಬುದು ನನ್ನ ಅಭಿಪ್ರಾಯ. ಪರದೆ, ಬಾಳಿಕೆ, ಅಪ್‌ಡೇಟ್‌ನ ಅವಧಿ ಇಂಥವು. ಕವರ್, ಕೀಬೋರ್ಡ್, ಮೆಮೊರಿ ಕಾರ್ಡ್ ಇಂಥವಲ್ಲ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲೇ ಟ್ಯಾಬ್‌ನಿಂದ ಆಗಬೇಕಾದ ಎರಡು ಮೂರು ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಕೆಎಎಸ್ ಅಥವಾ ಪಿಎಸ್‌ಐ ಪರೀಕ್ಷೆಗೆ ಓದುವವರಿಗೆ ಪಿಡಿಎಫ್ ಓದುವುದು, ಅದರ ಮೇಲೆ ಗುರುತು ಹಾಕುವುದು ಮುಖ್ಯ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ಹೊಲದ ಬಿಸಿಲಿನಲ್ಲಿ ಪರದೆ ಕಾಣುವುದು ಮುಖ್ಯ. ಮಕ್ಕಳ ಆನ್‌ಲೈನ್ ಪಾಠಕ್ಕೆ ಮಾತ್ರ ಬೇಕೆನ್ನುವ ಮನೆಗೆ ಇವೆರಡೂ ಬೇಕಿಲ್ಲ; ಅವರಿಗೆ 13,000 ರೂಪಾಯಿಯ ಆಸುಪಾಸಿನ ಟ್ಯಾಬ್ ಸಾಕು, ಅದಕ್ಕಿಂತ ಹೆಚ್ಚು ಕೊಟ್ಟರೆ ಅದು ಕೆಲಸಕ್ಕಲ್ಲ, ಹೆಸರಿಗೆ ಕೊಟ್ಟ ಹಣ.

ಬೆಲೆಗಳನ್ನು ಸಮ ಮಾಡಿಕೊಳ್ಳುವುದು

ಮೂರು ಟ್ಯಾಬ್‌ಗಳ ಬಿಡುಗಡೆಯ ಹೊತ್ತಿನ ಬೆಲೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 2025ರ ಮಾರ್ಚ್‌ನಲ್ಲಿ ಬಂದ ಎ16 ಚಿಪ್‌ನ ಐಪ್ಯಾಡ್ 128 ಜಿಬಿಗೆ 34,900 ರೂಪಾಯಿ. 2023ರ ಅಕ್ಟೋಬರ್‌ನಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎಸ್9 ಎಫ್ಇ 36,999 ರೂಪಾಯಿ. 2025ರ ಜನವರಿಯಲ್ಲಿ ಬಂದ ಶಿಯೋಮಿ ಪ್ಯಾಡ್ 7 27,999 ರೂಪಾಯಿ. ಚೀಟಿಯಷ್ಟನ್ನೇ ನೋಡಿದರೆ ಐಪ್ಯಾಡ್ ಸ್ಯಾಮ್‌ಸಂಗ್‌ಗಿಂತ 2,099 ರೂಪಾಯಿ ಅಗ್ಗ. ಆದರೆ ಬರೆಯುವ ಕೆಲಸಕ್ಕೆ ಪೆನ್ ಬೇಕೆಂದ ಕೂಡಲೇ ಸಾಲು ಬದಲಾಗುತ್ತದೆ. ಸ್ಯಾಮ್‌ಸಂಗ್‌ನ ಎಸ್ ಪೆನ್ ಪೆಟ್ಟಿಗೆಯೊಳಗೇ ಬರುತ್ತದೆ, ಅದಕ್ಕೆ ಬರೆಯಲು ಚಾರ್ಜ್ ಕೂಡ ಬೇಕಿಲ್ಲ. ಐಪ್ಯಾಡ್‌ಗೆ ಯುಎಸ್‌ಬಿ-ಸಿಯ ಆಪಲ್ ಪೆನ್ಸಿಲ್ 7,900 ರೂಪಾಯಿ. ಶಿಯೋಮಿಯ ಪೆನ್ 5,999 ರೂಪಾಯಿ. ಈಗ ಕೂಡಿಸಿದರೆ ಐಪ್ಯಾಡ್ 42,800, ಸ್ಯಾಮ್‌ಸಂಗ್ 36,999, ಶಿಯೋಮಿ 33,998. ಎರಡು ಸಾವಿರ ಅಗ್ಗವಾಗಿ ಕಂಡದ್ದು ಸುಮಾರು ಆರು ಸಾವಿರ ದುಬಾರಿಯಾಯಿತು. ಅಷ್ಟು ಕೊಟ್ಟ ಮೇಲೂ ಆ ಪೆನ್ಸಿಲ್‌ಗೆ ಒತ್ತಿ ಬರೆದರೆ ದಪ್ಪ, ಹಗುರಾಗಿ ಬರೆದರೆ ತೆಳು ಗೆರೆ ಮೂಡಿಸುವ ಗುಣವಿಲ್ಲ. ಟಿಪ್ಪಣಿ ಬರೆಯುವವರಿಗೆ ಅದು ದೊಡ್ಡ ಕೊರತೆಯಲ್ಲ, ಚಿತ್ರ ಬರೆಯುವವರಿಗೆ ಹೌದು.

ಕೀಬೋರ್ಡನ್ನೂ ಸೇರಿಸಿದರೆ ಅಂತರ ಇನ್ನೂ ಹಿಗ್ಗುತ್ತದೆ. ಆಪಲ್‌ನ ಮ್ಯಾಜಿಕ್ ಕೀಬೋರ್ಡ್ ಫೋಲಿಯೋ 24,900 ರೂಪಾಯಿ. ಟ್ಯಾಬ್, ಪೆನ್ಸಿಲ್, ಕೀಬೋರ್ಡ್ ಮೂರೂ ಸೇರಿ 67,700 ಆದ ಮೇಲೆ ಅದರ ಪ್ರತಿಸ್ಪರ್ಧಿ ಇನ್ನೊಂದು ಟ್ಯಾಬ್ ಅಲ್ಲ, ಒಳ್ಳೆಯ ಲ್ಯಾಪ್‌ಟಾಪ್. ಕಚೇರಿಯಲ್ಲೋ ಶಾಲೆಯಲ್ಲೋ ಯೂನಿಕೋಡ್ ಅಲ್ಲದ, ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ ಟೈಪ್ ಮಾಡಿದ ಹಳೆಯ ಕಡತಗಳನ್ನು ತಿದ್ದುವ ಕೆಲಸ ಇರುವವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು, ಏಕೆಂದರೆ ಅಂಥ ಕಡತವನ್ನು ಟ್ಯಾಬ್‌ನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ ಕಾಣುವ ಸಂಭವ ಹೆಚ್ಚು. ಅವರಿಗೆ ಎಷ್ಟೇ ಬೆಲೆಯ ಟ್ಯಾಬ್ ಆದರೂ ಹೊಂದುವುದಿಲ್ಲ.

ಎರಡನೆಯದಾಗಿ ಒಟ್ಟು ಬೆಲೆಯನ್ನು ಅಪ್‌ಡೇಟ್ ಸಿಗುವ ವರ್ಷಗಳಿಂದ ಭಾಗಿಸಿ. ಭದ್ರತೆಯ ಅಪ್‌ಡೇಟ್ ನಿಂತ ಮೇಲೂ ಟ್ಯಾಬ್ ನಡೆಯುತ್ತದೆ, ಆದರೆ ಬ್ಯಾಂಕಿನ ವ್ಯವಹಾರಕ್ಕೆ ಅದನ್ನು ನೆಚ್ಚುವುದು ಸರಿಯಲ್ಲ, ಕಾಲಕ್ರಮೇಣ ಆ್ಯಪ್‌ಗಳೂ ಒಂದೊಂದಾಗಿ ಕೈಕೊಡುತ್ತವೆ. 2019ರಲ್ಲಿ ಬಂದ ಏಳನೆಯ ತಲೆಮಾರಿನ ಐಪ್ಯಾಡ್‌ಗೆ 2024ರ ಐಪ್ಯಾಡ್‌ಓಎಸ್ 18 ಸಿಕ್ಕಿತು. ಸ್ಯಾಮ್‌ಸಂಗ್ ತನ್ನ ಟ್ಯಾಬ್ ಎಸ್9 ಸರಣಿಗೆ ನಾಲ್ಕು ಆಂಡ್ರಾಯ್ಡ್ ಆವೃತ್ತಿ, ಐದು ವರ್ಷಗಳ ಭದ್ರತಾ ಅಪ್‌ಡೇಟ್ ಎಂದು ಮಾತು ಕೊಟ್ಟಿದೆ. ಈ ವರ್ಷಗಳನ್ನು ನೀವು ಕೊಂಡ ದಿನದಿಂದ ಎಣಿಸುವುದಿಲ್ಲ, ಆ ಮಾದರಿ ಬಿಡುಗಡೆಯಾದ ದಿನದಿಂದ ಎಣಿಸುತ್ತಾರೆ ಎಂಬುದು ಬಹಳ ಜನರ ಗಮನಕ್ಕೆ ಬರುವುದಿಲ್ಲ. ಐದು ವರ್ಷ ಉಳಿದಿರುವ ಹೊಸ ಟ್ಯಾಬ್ 35,000ಕ್ಕೂ, ಮೂರು ವರ್ಷ ಮಾತ್ರ ಉಳಿದಿರುವ ಹಳೆಯ ಮಾದರಿ ರಿಯಾಯಿತಿಯಲ್ಲಿ 25,000ಕ್ಕೂ ಸಿಗುತ್ತಿವೆ ಎಂದಿಟ್ಟುಕೊಳ್ಳಿ. ಹೊಸದಕ್ಕೆ ವರ್ಷಕ್ಕೆ 7,000 ಬೀಳುತ್ತದೆ, ಹಳೆಯದಕ್ಕೆ 8,333. ಹಬ್ಬದ ರಿಯಾಯಿತಿಯಲ್ಲಿ ಹತ್ತು ಸಾವಿರ ಉಳಿಯಿತೆಂದು ಹಿಗ್ಗುವ ಮೊದಲು ಈ ಭಾಗಾಕಾರ ಮಾಡಿ ನೋಡುವುದು ಒಳ್ಳೆಯದು. ಕಂಪನಿ ತನ್ನ ಜಾಲತಾಣದಲ್ಲಿ ಅಪ್‌ಡೇಟ್‌ನ ಅವಧಿಯನ್ನು ಎಲ್ಲಿಯೂ ಹೇಳಿಲ್ಲವಾದರೆ ನಾನು ಎರಡೇ ವರ್ಷ ಎಂದು ಹಿಡಿದು ಲೆಕ್ಕ ಹಾಕುತ್ತೇನೆ.

ಇದರ ಇನ್ನೊಂದು ಮಗ್ಗುಲೂ ಇದೆ. ಹೊಸ ಟ್ಯಾಬ್‌ಗೆ ಎಲ್ಲಕ್ಕಿಂತ ಗಟ್ಟಿಯಾದ ಪ್ರತಿಸ್ಪರ್ಧಿ ಹೆಚ್ಚಾಗಿ ಅದೇ ಕಂಪನಿಯ ಹಿಂದಿನ ಮಾದರಿ. ಹತ್ತನೆಯ ತಲೆಮಾರಿನ ಐಪ್ಯಾಡ್ 2022ರ ಅಕ್ಟೋಬರ್‌ನಲ್ಲಿ ಭಾರತಕ್ಕೆ ಬಂದಾಗ 64 ಜಿಬಿಗೆ 44,900 ರೂಪಾಯಿ ಇತ್ತು. ಮುಂದೆ 39,900ಕ್ಕೆ ಇಳಿಯಿತು. 2024ರ ಮೇ ತಿಂಗಳಲ್ಲಿ 34,900 ಆಯಿತು. ಆಮೇಲೆ ಬಂದ ಎ16 ಮಾದರಿ ಅದೇ 34,900ಕ್ಕೆ ಎರಡರಷ್ಟು ಸಂಗ್ರಹ, ವೇಗದ ಚಿಪ್ ಎರಡನ್ನೂ ಕೊಟ್ಟಿತು. ಹೊರಮೈ, ಪರದೆ ಮೊದಲಿನವೇ. ಅಲ್ಲಿಗೆ ಹೊಸದರ ಬೆಲೆ ನ್ಯಾಯವೇ ಆಗಿತ್ತು, ಆದರೆ 2022ರಲ್ಲಿ ಮೊದಲ ವಾರವೇ ಕೊಂಡವರು 44,900 ಕೊಟ್ಟದ್ದು ನ್ಯಾಯವಾಗಿರಲಿಲ್ಲ ಎಂದೇ ಹೇಳಬೇಕಾಗುತ್ತದೆ. ತುರ್ತು ಇಲ್ಲದವರು ಕಾಯಬಹುದು.

‘ಅಮೆರಿಕದಲ್ಲಿ ಇದೇ ಟ್ಯಾಬ್ ಬಹಳ ಅಗ್ಗ, ಅಣ್ಣ ಬರುವಾಗ ತರುತ್ತಾನೆ’ ಎನ್ನುವ ಮಾತನ್ನೂ ಲೆಕ್ಕದಲ್ಲಿಟ್ಟು ನೋಡಬೇಕು. ಎ16 ಐಪ್ಯಾಡ್‌ಗೆ ಅಲ್ಲಿ 349 ಡಾಲರ್. ಡಾಲರ್‌ಗೆ 85 ರೂಪಾಯಿ ಇದ್ದಾಗಿನ ಲೆಕ್ಕದಲ್ಲಿ ಅದು 29,665 ರೂಪಾಯಿ ಆಗುತ್ತದೆ. ಆದರೆ ಅಲ್ಲಿನ ಚೀಟಿಯಲ್ಲಿ ತೆರಿಗೆ ಸೇರಿರುವುದಿಲ್ಲ, ನಮ್ಮಲ್ಲಿ ಶೇ. 18ರ ಜಿಎಸ್‌ಟಿ ಸೇರಿಯೇ ಬೆಲೆ ಹೇಳುತ್ತಾರೆ. 29,665ಕ್ಕೆ ಶೇ. 18 ಕೂಡಿಸಿದರೆ 35,005 ಬರುತ್ತದೆ. ಇಲ್ಲಿನ ಬೆಲೆ 34,900. ಎಲ್ಲ ಮಾದರಿಗಳಿಗೂ ಹೀಗೆ ಸರಿಹೊಂದುವುದಿಲ್ಲ, ಆದರೆ ಹೊಸ ಟ್ಯಾಬ್‌ಗೆ ಭಾರತದಲ್ಲಿ ಹೆಚ್ಚು ಹೇಳಿದ್ದಾರೆಯೇ ಎಂದು ಅರಿಯಲು ಈ ಒಂದು ಗುಣಾಕಾರ ಸಾಕು.

ಪರದೆಗೆ ಕೊಡುವ ಹಣ

ಹೆಚ್ಚು ಬೆಲೆಯ ಬಹುಪಾಲು ಹೋಗುವುದು ಪರದೆಗೆ, ಅಲ್ಲಿಯೇ ಹೆಚ್ಚು ಹೊತ್ತು ಕಳೆಯುವುದು ಲೇಸು. ಇಂಚನ್ನು ಅಳೆಯುವುದು ಮೂಲೆಯಿಂದ ಮೂಲೆಗೆ ಆದ್ದರಿಂದ, 11 ಇಂಚಿನ ಎರಡು ಟ್ಯಾಬ್‌ಗಳು ಒಂದೇ ಅಳತೆಯವಲ್ಲ. 16:10ರ ಅನುಪಾತದ 11 ಇಂಚಿನ ಪರದೆಯನ್ನು ಉದ್ದುದ್ದ ಹಿಡಿದರೆ ಅಗಲ 5.8 ಇಂಚು, 4:3ರದ್ದಾದರೆ 6.6 ಇಂಚು. ಎ4 ಹಾಳೆಯ ಅಗಲ 8.27 ಇಂಚು. ಅಂದರೆ ಪುಟವನ್ನು ಪರದೆಯ ಅಗಲಕ್ಕೆ ಹೊಂದಿಸಿದರೆ ಮೊದಲನೆಯದರಲ್ಲಿ ಅದು ನಿಜವಾದ ಗಾತ್ರದ ಶೇ. 70ಕ್ಕೆ, ಎರಡನೆಯದರಲ್ಲಿ ಶೇ. 80ಕ್ಕೆ ಕುಗ್ಗುತ್ತದೆ. ಸಿನಿಮಾ ನೋಡುವವರಿಗೆ 16:10 ಒಳ್ಳೆಯದು. ದಿನಕ್ಕೆ ಐದಾರು ತಾಸು ಪಿಡಿಎಫ್ ಓದುವ ವಿದ್ಯಾರ್ಥಿಗೆ ಅಗಲವಾದ ಪರದೆಯೇ ಬೇಕು, ಅದಕ್ಕಾಗಿ ಎರಡು ಮೂರು ಸಾವಿರ ಹೆಚ್ಚಾದರೂ ಅದು ಸಾರ್ಥಕ.

ಅಕ್ಷರದ ಸ್ಪಷ್ಟತೆ ಇನ್ನೊಂದು ವಿಷಯ. 1920×1200 ಪಿಕ್ಸೆಲ್‌ನ 11 ಇಂಚಿನ ಪರದೆಯಲ್ಲಿ ಇಂಚಿಗೆ ಸುಮಾರು 206 ಪಿಕ್ಸೆಲ್ ಇರುತ್ತವೆ, ಐಪ್ಯಾಡ್‌ನಲ್ಲಿ 264. ಇಂಗ್ಲಿಷ್ ಓದುವಾಗ ಈ ವ್ಯತ್ಯಾಸ ಅಷ್ಟಾಗಿ ಕಾಣದಿದ್ದರೂ ಕನ್ನಡದ ಒತ್ತಕ್ಷರಗಳಲ್ಲಿ ಕಾಣುತ್ತದೆ. ಪರೀಕ್ಷಿಸುವ ಬಗೆ ಹೀಗಿದೆ: ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಸಿಗುವ ಸಮಾಜ ವಿಜ್ಞಾನದ ಪಿಡಿಎಫ್ ಒಂದನ್ನು, ಜೊತೆಗೆ ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕದ ಒಂದು ಪುಟವನ್ನು ನಿಮ್ಮ ಫೋನಿನಿಂದ ಅಂಗಡಿಯ ಡೆಮೊ ಟ್ಯಾಬ್‌ಗೆ ಕಳಿಸಿಕೊಳ್ಳಿ. ಇಡೀ ಪುಟ ಪರದೆಯಲ್ಲಿ ಕೂರುವಂತೆ ಇಟ್ಟು, ಹಿಗ್ಗಿಸದೆ, ‘ರಾಷ್ಟ್ರ’ ಎಂಬ ಪದದ ಕೆಳಗಿನ ಟ ಒತ್ತು, ರ ಒತ್ತುಗಳು ಬೇರೆಬೇರೆಯಾಗಿ ತಿಳಿಯುತ್ತವೆಯೇ ಅಥವಾ ಒಂದು ಕಪ್ಪು ಗಂಟಿನಂತೆ ಕಾಣುತ್ತವೆಯೇ ನೋಡಿ. ಅಡಿಟಿಪ್ಪಣಿಯ ಸಣ್ಣ ಅಕ್ಷರದಲ್ಲಂತೂ ಅಗ್ಗದ ಪರದೆಯ ಕೊರತೆ ಬೇಗ ಬಯಲಾಗುತ್ತದೆ.

ಪೆನ್ ಬಳಸುವವರು ಇನ್ನೊಂದನ್ನು ನೋಡಬೇಕು. ಕೆಲವು ಟ್ಯಾಬ್‌ಗಳಲ್ಲಿ ಮೇಲಿನ ಗಾಜನ್ನು ಒಳಗಿನ ಪರದೆಗೆ ಅಂಟಿಸಿರುತ್ತಾರೆ, ಕೆಲವುಗಳಲ್ಲಿ ನಡುವೆ ತೆಳುವಾದ ಗಾಳಿಯ ಪದರ ಇರುತ್ತದೆ. ಪೆನ್ನಿನ ತುದಿಯನ್ನು ಗಾಜಿನ ಮೇಲೆ ಊರಿ, ಕಣ್ಣನ್ನು ಪರದೆಯ ಮಟ್ಟಕ್ಕೆ ತಗ್ಗಿಸಿ ಓರೆಯಿಂದ ನೋಡಿದರೆ, ಅಂಟಿಸದ ಪರದೆಯಲ್ಲಿ ತುದಿ ಒಂದು ಕಡೆ, ಗೆರೆ ಅದರ ಅಡಿಯಲ್ಲಿ ಸ್ವಲ್ಪ ಆಚೆ ಕಾಣುತ್ತದೆ. ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಎ16 ಐಪ್ಯಾಡ್‌ನದು ಅಂಟಿಸದ ಪರದೆ, ಅದಕ್ಕಿಂತ ದುಬಾರಿಯಾದ ಐಪ್ಯಾಡ್ ಏರ್‌ನದು ಅಂಟಿಸಿದ್ದು. ವಿಡಿಯೊ ನೋಡುವವರಿಗೆ ಇದರಿಂದ ಏನೂ ಆಗುವುದಿಲ್ಲ. ದಿನವೂ ಪುಟಗಟ್ಟಲೆ ಬರೆಯುವವರಿಗೆ, ಅದರಲ್ಲೂ ಸೂತ್ರ, ನಕ್ಷೆ ಬರೆಯುವವರಿಗೆ, ಕೊಟ್ಟ ಹೆಚ್ಚುವರಿ ಹಣ ಇಲ್ಲಿ ಕೈಗೆ ತಿಳಿಯುತ್ತದೆ.

ಪರದೆಯ ರಿಫ್ರೆಶ್ ದರ, ಅಂದರೆ ಸೆಕೆಂಡಿಗೆ ಚಿತ್ರ ಹೊಸದಾಗುವ ಸಲ, 60 ಹರ್ಟ್ಸ್‌ನಿಂದ 90ಕ್ಕೆ ಏರಿದಾಗ ಪುಟ ಸರಿಸುವುದು ನಯವಾಗುವುದು ಕಾಣುತ್ತದೆ; 120ರಿಂದ 144ಕ್ಕೆ ಏರಿದ್ದನ್ನು ಬಹುಜನ ಗುರುತಿಸಲಾರರು, ಅದಕ್ಕೆ ಹಣ ಸಲ್ಲ. ಅಗ್ಗದ ಹೊಸ ಬ್ರಾಂಡ್‌ಗಳಲ್ಲಿ ವೈಡ್‌ವೈನ್ ಎಲ್1 ಪ್ರಮಾಣೀಕರಣ ಇದೆಯೇ ಎಂದು ಕೇಳಿ. ಎಲ್3 ಮಾತ್ರ ಇದ್ದರೆ ನೆಟ್‌ಫ್ಲಿಕ್ಸ್‌ನಂಥ ಆ್ಯಪ್‌ಗಳು ಎಷ್ಟು ಒಳ್ಳೆಯ ಪರದೆ ಇದ್ದರೂ ಎಚ್‌ಡಿ ಚಿತ್ರ ಕೊಡುವುದಿಲ್ಲ.

ಪ್ರೊಸೆಸರ್, ರ‍್ಯಾಮ್, ಕ್ಯಾಮೆರಾಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಓದು, ಪಾಠ, ವಿಡಿಯೊಗಳಿಗೆ ಮಧ್ಯಮ ದರ್ಜೆಯ ಚಿಪ್ ಸಾಕು. ಆಟ ಆಡುವವರು, ವಿಡಿಯೊ ಎಡಿಟ್ ಮಾಡುವವರು ಮಾತ್ರ ಮೇಲಿನದಕ್ಕೆ ಹಣ ಕೊಡಲಿ. ‘8+8 ಜಿಬಿ ರ‍್ಯಾಮ್’ ಎಂದು ಬರೆದಿದ್ದರೆ ಎರಡನೆಯ ಎಂಟು ರ‍್ಯಾಮ್ ಅಲ್ಲ, ಸಂಗ್ರಹದಿಂದ ಕಡ ತಂದ ಜಾಗ ಎಂದು ತಿಳಿಯಿರಿ. ಸಂಗ್ರಹ ನಿಧಾನದ ಇಎಂಎಂಸಿ ಬಗೆಯದೋ ವೇಗದ ಯುಎಫ್ಎಸ್ ಬಗೆಯದೋ ಎಂಬುದನ್ನು ಮಾತ್ರ ಅವಶ್ಯ ಕೇಳಿ, ಏಕೆಂದರೆ ಎರಡು ವರ್ಷದ ಮೇಲೆ ಟ್ಯಾಬ್ ಮಂದಗತಿಗೆ ಬೀಳುವುದರಲ್ಲಿ ಇದರ ಪಾಲು ದೊಡ್ಡದು.

ನಮ್ಮ ಕಡೆಯ ಬಿಸಿಲು, ಧೂಳು, ದೂರ

ಬೆಂಗಳೂರಿನಲ್ಲಿ ಕುಳಿತು ಬರೆಯುವ ವಿಮರ್ಶೆಗಳಲ್ಲಿ ಕಾಣದ ಕೆಲವು ಸಂಗತಿಗಳು ರಾಯಚೂರು, ಬಳ್ಳಾರಿ, ಕೊಪ್ಪಳಗಳಲ್ಲಿ ಬೆಲೆಯ ಪ್ರಶ್ನೆಯೊಳಗೇ ಸೇರುತ್ತವೆ. ಐಪ್ಯಾಡನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಬಳಸಬೇಕೆಂದು ಆಪಲ್ ಹೇಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 40 ದಾಟುವುದು ಹೊಸದೇನಲ್ಲ. ಬಿಸಿಯೇರಿದ ಟ್ಯಾಬ್ ತಾನಾಗಿಯೇ ಪರದೆಯ ಬೆಳಕು ತಗ್ಗಿಸುತ್ತದೆ, ಚಾರ್ಜ್ ಆಗುವುದನ್ನು ನಿಧಾನಿಸುತ್ತದೆ ಅಥವಾ ನಿಲ್ಲಿಸುತ್ತದೆ. ಹೀಗಾಗಿ ಅತಿ ವೇಗದ ಚಿಪ್‌ಗಾಗಿ ಕೊಟ್ಟ ಹಣ ಬೇಸಿಗೆಯ ಮಧ್ಯಾಹ್ನ ಫ್ಯಾನಿನ ಕೆಳಗೆ ಪೂರ್ತಿ ಕೆಲಸಕ್ಕೆ ಬರುವುದಿಲ್ಲ. ಎಸಿ ಇರುವ ಅಂಗಡಿಯೊಳಗೆ ನಿಂತು ಪರದೆಯ ಬೆಳಕನ್ನು ಮೆಚ್ಚಿಕೊಳ್ಳುವ ಬದಲು, ಅಂಗಡಿಯವರನ್ನು ಕೇಳಿಕೊಂಡು ಬಾಗಿಲ ತನಕ ತಂದು ಬಿಸಿಲಿಗೆ ಹಿಡಿದು ನೋಡಿ. ನಿಮ್ಮ ಮುಖವೇ ಕನ್ನಡಿಯಂತೆ ಕಂಡು ಅಕ್ಷರ ಕಾಣದಿದ್ದರೆ ಹೊಲದ ಸಮೀಕ್ಷೆಗೆ ಅದು ಆಗಿಬರುವುದಿಲ್ಲ.

ಸಂಡೂರು, ತೋರಣಗಲ್ಲು ಕಡೆಯ ಅದಿರಿನ ಧೂಳನ್ನು ಕಂಡವರಿಗೆ ಐಪಿ68 ಎಂಬುದರ ಬೆಲೆ ಬೇಗ ತಿಳಿಯುತ್ತದೆ. ಅದರಲ್ಲಿನ 6 ಧೂಳು ಒಳಗೆ ಹೋಗದಂತೆ ತಡೆಯುವ ಪೂರ್ಣ ರಕ್ಷಣೆಯನ್ನು, 8 ನೀರಿನಿಂದ ರಕ್ಷಣೆಯನ್ನು ಸೂಚಿಸುತ್ತದೆ. ಮೇಲೆ ಹೇಳಿದ ಟ್ಯಾಬ್ ಎಸ್9 ಎಫ್ಇಗೆ ಇದು ಇದೆ, ಅದೇ ಬೆಲೆಯ ಬಹಳಷ್ಟು ಟ್ಯಾಬ್‌ಗಳಿಗೆ ಇಲ್ಲ. ಮನೆಯೊಳಗೇ ಇರುವ ಟ್ಯಾಬ್‌ಗೆ ಇದು ಲೆಕ್ಕಕ್ಕಿಲ್ಲ. ಗಣಿ, ಕಟ್ಟಡ, ಹೊಲ ತಿರುಗುವವರಿಗೆ ಇದಕ್ಕಾಗಿ ನಾಲ್ಕೈದು ಸಾವಿರ ಹೆಚ್ಚು ಕೊಟ್ಟರೂ ತಪ್ಪಿಲ್ಲ.

ಸರ್ವಿಸ್ ಸೆಂಟರ್‌ನ ದೂರವನ್ನೂ ಹಣವಾಗಿ ಬದಲಿಸಿ ನೋಡಬೇಕು. ಊರಿನಲ್ಲಿ ಆ ಕಂಪನಿಯ ಅಧಿಕೃತ ಕೇಂದ್ರ ಇದೆ ಎಂದರೆ ಸಾಲದು, ಅಲ್ಲಿ ಫೋನ್ ಮಾತ್ರವಲ್ಲದೆ ಟ್ಯಾಬ್ಲೆಟ್ ಕೂಡ ರಿಪೇರಿಗೆ ತೆಗೆದುಕೊಳ್ಳುತ್ತಾರೆಯೇ ಎಂದು ಫೋನ್ ಮಾಡಿ ಕೇಳಿ, ಅದೇ ಉಸಿರಿನಲ್ಲಿ ಒಡೆದ ಪರದೆ ಬದಲಿಸಲು ಎಷ್ಟಾಗುತ್ತದೆ ಎಂದೂ ಕೇಳಿ. ರಾಯಚೂರಿನವರು ಹೈದರಾಬಾದಿಗೆ, ಕೊಪ್ಪಳದವರು ಹುಬ್ಬಳ್ಳಿಗೆ, ಬಳ್ಳಾರಿಯವರು 300 ಕಿ.ಮೀ. ದೂರದ ಬೆಂಗಳೂರಿಗೆ ಒಮ್ಮೆ ಕೊಡಲು, ಒಮ್ಮೆ ತರಲು ಹೋಗಬೇಕಾದರೆ ಬಸ್ ಚಾರ್ಜು, ಎರಡು ದಿನದ ಕೂಲಿ ಅಥವಾ ರಜೆ ಎಲ್ಲವೂ ಆ ಅಗ್ಗದ ಟ್ಯಾಬ್‌ನ ಬೆಲೆಗೇ ಸೇರುತ್ತವೆ.

ಸಿಮ್ ಹಾಕುವ ಮಾದರಿಗೆ ಎಷ್ಟು ಹೆಚ್ಚು ಕೊಡಬೇಕು ಎಂಬುದು ಸುಲಭದ ಪ್ರಶ್ನೆ. ಎ16 ಐಪ್ಯಾಡ್‌ನಲ್ಲಿ ಆ ವ್ಯತ್ಯಾಸ 15,000 ರೂಪಾಯಿ. ಜೇಬಿನಲ್ಲಿರುವ ಫೋನಿನ ಹಾಟ್‌ಸ್ಪಾಟ್ ಅದೇ ಕೆಲಸ ಮಾಡುವಾಗ ಅಷ್ಟು ಕೊಡುವುದು ನನಗೆ ಒಪ್ಪಿಗೆಯಿಲ್ಲ. ಒಂದು ಅಪವಾದವಿದೆ: ವೈಫೈ ಮಾತ್ರದ ಐಪ್ಯಾಡ್‌ಗಳಲ್ಲಿ ಜಿಪಿಎಸ್ ಇರುವುದಿಲ್ಲ, ಆಂಡ್ರಾಯ್ಡ್‌ನ ವೈಫೈ ಮಾದರಿಗಳಲ್ಲಿ ಕೆಲವಕ್ಕೆ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ, ಜಮೀನಿನ ಗಡಿ ಗುರುತಿಸುವ ಕೆಲಸದವರು ಇದನ್ನು ಖಚಿತಪಡಿಸಿಕೊಂಡೇ ಮುಂದುವರಿಯಬೇಕು.

ಹಣ ಕೊಡುವ ಹೊತ್ತಿಗೆ

ಪೆಟ್ಟಿಗೆಯ ಮೇಲಿನ ಎಂಆರ್‌ಪಿಯಿಂದ ಶೇ. 40 ಕಡಿತ ಎಂಬ ಮಾತಿಗೆ ಬೆಲೆ ಕೊಡಬೇಡಿ, ಏಕೆಂದರೆ ಆ ಬೆಲೆಗೆ ಆ ಟ್ಯಾಬನ್ನು ಬಹುತೇಕ ಯಾರೂ ಮಾರಿರುವುದಿಲ್ಲ. ಹೋಲಿಕೆ ಏನಿದ್ದರೂ ಮಾರಾಟದ ಬೆಲೆಗಳ ನಡುವೆ ಇರಲಿ. ಬಡ್ಡಿಯಿಲ್ಲದ ಕಂತು ಎಂದು ಹೇಳುವ ಇಎಂಐಯಲ್ಲಿ ಬ್ಯಾಂಕು ಬಡ್ಡಿ ಹಾಕಿಯೇ ಇರುತ್ತದೆ, ಅಷ್ಟನ್ನು ಬೆಲೆಯಲ್ಲಿ ಕಡಿತವಾಗಿ ಕೊಟ್ಟಿರುತ್ತಾರೆ. ಕ್ರೆಡಿಟ್ ಕಾರ್ಡಿನಲ್ಲಾದರೆ ಆ ಬಡ್ಡಿಯ ಮೇಲಿನ ಶೇ. 18 ಜಿಎಸ್‌ಟಿ, ಜೊತೆಗೆ ಪ್ರೊಸೆಸಿಂಗ್ ಶುಲ್ಕ ನಿಮ್ಮ ತಲೆಗೇ ಬರುತ್ತವೆ. ಪೂರ್ತಿ ಹಣ ಒಮ್ಮೆಗೇ ಕೊಟ್ಟರೆ ಎಷ್ಟಕ್ಕೆ ಕೊಡುತ್ತೀರಿ ಎಂದು ಬೇರೆಯಾಗಿ ಕೇಳಿದರೆ ಈ ಲೆಕ್ಕ ಹೊರಬೀಳುತ್ತದೆ.

ಗಂಗಾವತಿಯ ರೈಸ್ ಮಿಲ್‌ನವರು, ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕದವರು, ರಾಯಚೂರಿನ ಹತ್ತಿ ವ್ಯಾಪಾರಿಗಳು ವ್ಯವಹಾರಕ್ಕೆಂದೇ ಟ್ಯಾಬ್ ಕೊಳ್ಳುವುದಾದರೆ ಬಿಲ್ಲಿನಲ್ಲಿ ತಮ್ಮ ಜಿಎಸ್‌ಟಿ ಸಂಖ್ಯೆ ಬರೆಸಿಕೊಳ್ಳಬೇಕು. 34,900ರಲ್ಲಿ ತೆರಿಗೆಯ ಪಾಲು 5,324 ರೂಪಾಯಿ. ಅದನ್ನು ಹೂಡುವಳಿ ತೆರಿಗೆ ಜಮೆಯಾಗಿ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಪಡೆಯಲು ಅರ್ಹರಾದವರಿಗೆ ಟ್ಯಾಬ್ ಬಿದ್ದದ್ದು 29,576ಕ್ಕೆ. ಸಾಮಾನ್ಯ ಗ್ರಾಹಕನಿಗೆ ದುಬಾರಿಯಾದ ಟ್ಯಾಬ್ ಅವರಿಗೆ ಸರಿಬೆಲೆಯದೇ ಆಗಬಹುದು.

ಕೊನೆಗೆ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ತಯಾರಿಕೆಯ ತಿಂಗಳು, ವರ್ಷ ಓದಿ. ಅದನ್ನು ನಮೂದಿಸುವುದು 2011ರ ಕಾನೂನು ಮಾಪನಶಾಸ್ತ್ರದ ಪೊಟ್ಟಣ ಸಾಮಗ್ರಿ ನಿಯಮಗಳಂತೆ ಕಡ್ಡಾಯ. ವರ್ಷಕ್ಕೂ ಹೆಚ್ಚು ಕಾಲ ಗೋದಾಮಿನಲ್ಲಿ ಬಿದ್ದಿದ್ದ ಟ್ಯಾಬ್‌ನ ಬ್ಯಾಟರಿ ಅಷ್ಟರಮಟ್ಟಿಗೆ ಸವೆದಿರಬಹುದಾದ್ದರಿಂದ, ಅಂಥದಕ್ಕೆ ಹೊಸದರ ಬೆಲೆ ಕೊಡುವ ಅಗತ್ಯವಿಲ್ಲ. ಪೆಟ್ಟಿಗೆಯ ಸೀರಿಯಲ್ ಸಂಖ್ಯೆ ಬಿಲ್ಲಿನಲ್ಲಿ ಬಂದಿದೆಯೇ ನೋಡಿ, ಅದನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ವಾರಂಟಿ ಆಗಲೇ ಶುರುವಾಗಿದೆಯೇ ಎಂದು ಅಲ್ಲಿಯೇ ಪರಿಶೀಲಿಸಿ. ಶುರುವಾಗಿದ್ದರೆ ಅದು ಯಾರೋ ತೆರೆದು ಬಳಸಿದ ಅಥವಾ ಡೆಮೊಗೆ ಇಟ್ಟ ಟ್ಯಾಬ್ ಆಗಿರುವ ಸಾಧ್ಯತೆ ಇದೆ. ಬಿಲ್ಲಿಲ್ಲದೆ ಸಾವಿರ ರೂಪಾಯಿ ಕಡಿಮೆಗೆ ಕೊಡುತ್ತೇವೆ ಎಂದರೆ ಒಪ್ಪಬೇಡಿ. ದೋಷವಿರುವ ಟ್ಯಾಬ್ ಬದಲಿಸಿಕೊಡಲು ನಿರಾಕರಿಸಿದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಅಲ್ಲಿಯೂ ಬಗೆಹರಿಯದಿದ್ದರೆ, ಆನ್‌ಲೈನ್‌ನಲ್ಲಿ ಎಲ್ಲಿಂದಲೇ ತರಿಸಿದ್ದರೂ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದಲ್ಲೇ ದೂರು ಕೊಡಲು ಬರುತ್ತದೆ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ಸೀರಿಯಲ್ ಸಂಖ್ಯೆ ಇರುವ ಬಿಲ್ಲಿನ ಪ್ರತಿಯನ್ನು ಲಗತ್ತಿಸಬೇಕು.